ಹುಲಿಯ ಫೋಟೋಗೆ ಯಾವ ಕಾಡು? ಕಬಿನಿಯಿಂದ ರಣಥಂಬೋರ್‌ವರೆಗೆ ಒಂದು ಹೋಲಿಕೆ

"ಹೊಸ ಕ್ಯಾಮೆರಾ ತಗೊಂಡಿದ್ದೀನಿ. ಹುಲಿಯದ್ದು ಒಂದು ಒಳ್ಳೆ ಫೋಟೋ ಬೇಕು. ಕಬಿನಿಗೆ ಹೋಗಲಾ, ತಾಡೋಬಾಗೆ ಹೋಗಲಾ?" ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳುವವರ ಬಳಿ ಮೂರ್ನಾಲ್ಕು ದಿನ ರಜೆ ಇರುತ್ತದೆ. ಕೂಡಿಟ್ಟ ಒಂದಿಷ್ಟು ದುಡ್ಡು ಇರುತ್ತದೆ. ಮನಸ್ಸಿನಲ್ಲಿ ಎಲ್ಲೋ ನೋಡಿದ ಒಂದು ಚಿತ್ರವೂ ಇರುತ್ತದೆ. ಆ ಚಿತ್ರ ಯಾವುದು ಅಂತ ನಾನು ಮೊದಲು ಕೇಳುತ್ತೇನೆ. ಹಸಿರು ಕಾಡಿನ ದಾರಿಯಲ್ಲಿ ಎದುರಿಗೆ ನಡೆದು ಬರುವ ಹುಲಿಯಾ? ಬಿಸಿಲು ತಾಳಲಾರದೆ ನೀರಿಗೆ ಬೆನ್ನು ಹಾಕಿ ಇಳಿದು ಕೂತ ಹುಲಿಯಾ? ಹಳೇ ಮಂಟಪದ ನೆರಳಲ್ಲಿ ಮಲಗಿದ ಹುಲಿಯಾ? ಈ ಮೂರು ಚಿತ್ರ ಸಿಗುವುದು ಮೂರು ಬೇರೆ ಕಾಡುಗಳಲ್ಲಿ, ಬೇರೆ ಬೇರೆ ತಿಂಗಳಲ್ಲಿ.

ಹಾಗಾಗಿ ಇಲ್ಲಿ ಒಂದೇ ಕಾಡಿನ ಹೆಸರು ಹೇಳಿ ಮುಗಿಸುತ್ತಿಲ್ಲ. ಯಾವುದನ್ನು ನೋಡಿ ಆರಿಸಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಆಮೇಲೆ ಒಂದೊಂದು ಕಾಡನ್ನೂ ಅದರ ಮೇಲೆ ತೂಗಿ ನೋಡೋಣ.

ಯಾವುದನ್ನು ನೋಡಿ ಆರಿಸಬೇಕು

ಹುಲಿ ಜಾಸ್ತಿ ಇರುವ ಕಾಡಿನಲ್ಲಿ ಫೋಟೋ ಜಾಸ್ತಿ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. 2022ರ ಗಣತಿಯಲ್ಲಿ ಉತ್ತರಾಖಂಡದ ಕಾರ್ಬೆಟ್‌ನಲ್ಲಿ 260 ಹುಲಿಗಳಿದ್ದವು. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141, ಬಾಂಧವಗಢದಲ್ಲಿ 135, ಕಾನ್ಹಾದಲ್ಲಿ 105. ತಾಡೋಬಾದಲ್ಲಿ 97 ಮಾತ್ರ. ಆದರೂ ಬಂಡೀಪುರಕ್ಕೆ ನಾಲ್ಕೈದು ಸಲ ಹೋಗಿ ಹುಲಿಯ ಬಾಲವನ್ನೂ ನೋಡದೆ ಬಂದವರು ನನಗೆ ಗೊತ್ತು. ತಾಡೋಬಾದ ಮೊದಲ ಸಫಾರಿಯಲ್ಲೇ ಹತ್ತು ನಿಮಿಷ ಹುಲಿ ನೋಡಿದವರೂ ಗೊತ್ತು.

ಕಾಡಿನ ಗುಣ ನೋಡಿದರೆ ಇದಕ್ಕೆ ಕಾರಣ ತಿಳಿಯುತ್ತದೆ. ಕೆಳಗಿನ ಪೊದೆ ದಟ್ಟವಾಗಿದ್ದರೆ ಹುಲಿ ಹತ್ತು ಅಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಎಲ್ಲಾ ಕಡೆ ನೀರಿದ್ದರೆ ಅದು ರಸ್ತೆ ಪಕ್ಕದ ಕೆರೆಗೇ ಬರಬೇಕಾಗಿಲ್ಲ. ಸಫಾರಿ ನಡೆಯುವುದು ಕಾಡಿನ ಒಂದು ಸಣ್ಣ ಭಾಗದಲ್ಲಿ ಮಾತ್ರ. ಉಳಿದ ಕಡೆಯ ಹುಲಿಗಳು ಎಣಿಕೆಯಲ್ಲಿ ಇರುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಾಹನ ನೋಡಿ ಅಭ್ಯಾಸವಾದ ತಾಯಿಯ ಜೊತೆ ಬೆಳೆದ ಮರಿಗಳು ದೊಡ್ಡವಾದ ಮೇಲೂ ಜಿಪ್ಸಿಗೆ, ಅಂದರೆ ಸಫಾರಿಯ ತೆರೆದ ಜೀಪಿಗೆ, ಹೆದರುವುದಿಲ್ಲ. ಕಾಣುವುದೋ ಇಲ್ಲವೋ ಅನ್ನುವುದು ಇಂಥವುಗಳ ಮೇಲೆ ನಿಂತಿದೆ.

ಎರಡನೆಯದು ಬೆಳಕು ಮತ್ತು ಹಿನ್ನೆಲೆ. ಹುಲಿ ಕಂಡರೂ ಮಧ್ಯಾಹ್ನದ ಬಿಸಿಲಲ್ಲಿ, ಅರ್ಧ ಮುಖಕ್ಕೆ ಕೊಂಬೆಯ ನೆರಳು ಬಿದ್ದಿದ್ದರೆ ಅದು ನೆನಪಿಗೆ ಒಂದು ಫೋಟೋ ಅಷ್ಟೆ.

ಮೂರನೆಯದು ವಾಹನ. ಇದನ್ನು ಹೊಸಬರು ಯೋಚಿಸುವುದೇ ಇಲ್ಲ, ಆದರೆ ಚಿತ್ರದ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಆರು ಜನರ ತೆರೆದ ಜಿಪ್ಸಿಯಲ್ಲಿ ಯಾವ ಕಡೆ ಬೇಕಾದರೂ ತಿರುಗಬಹುದು, ಹುಲಿಯ ಕಣ್ಣಿನ ಮಟ್ಟಕ್ಕೆ ಸ್ವಲ್ಪ ಹತ್ತಿರ ಇರಬಹುದು. ಬಸ್ಸಿನ ಕಿಟಕಿಯಿಂದ ತೆಗೆದರೆ ಹುಲಿಯ ಬೆನ್ನು ಜಾಸ್ತಿ ಕಾಣುತ್ತದೆ, ಮುಖ ಕಡಿಮೆ.

ನಾಲ್ಕನೆಯದು ಒಂದು ಸಫಾರಿಗೆ ಬೀಳುವ ಖರ್ಚು. ಪ್ರವಾಸದ ಒಟ್ಟು ಖರ್ಚು ನೋಡಬೇಡಿ, ಅದನ್ನು ಸಫಾರಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಮೂರು ಸಫಾರಿಗೆ ಒಂದರಲ್ಲಿ ಹುಲಿ ಸಿಗುತ್ತದೆ ಅಂತ ಅಂದಾಜಿಗೆ ಇಟ್ಟುಕೊಳ್ಳೋಣ. ಎರಡೇ ಸಫಾರಿ ಮಾಡಿದರೆ ಏನೂ ಕಾಣದೆ ವಾಪಸ್ ಬರುವ ಸಾಧ್ಯತೆ ನೂರಕ್ಕೆ 44. ಆರು ಸಫಾರಿ ಮಾಡಿದರೆ ಅದು ನೂರಕ್ಕೆ 9ಕ್ಕೆ ಇಳಿಯುತ್ತದೆ. ಇಷ್ಟು ವರ್ಷ ಕಾಡು ಸುತ್ತಿ ನನಗೆ ಖಚಿತವಾದ ಮಾತು ಇದೊಂದೇ: ಕಾಡಿನ ಹೆಸರಿಗಿಂತ ಸಫಾರಿಗಳ ಸಂಖ್ಯೆ ಮುಖ್ಯ. ಒಂದೇ ಪ್ರವಾಸದಲ್ಲಿ ಎರಡು ಕಾಡು ಸೇರಿಸಿ, ಎರಡೆರಡು ಸಫಾರಿ ಮಾಡಿ ಬರುವುದಕ್ಕಿಂತ ಒಂದೇ ಕಾಡಿನಲ್ಲಿ ಆರು ಸಲ ಒಳಗೆ ಹೋಗುವುದು ಮೇಲು. ಮೂರನೇ ಸಫಾರಿ ಹೊತ್ತಿಗೆ ಯಾವ ಕೆರೆ ಹತ್ತಿರ ಯಾವ ಹೊತ್ತಿಗೆ ಹುಲಿಯ ಸುಳಿವು ಸಿಕ್ಕಿ ಕಡವೆ ಕೂಗಿತು ಅನ್ನುವುದು ನಿಮಗೂ ಗೊತ್ತಿರುತ್ತದೆ.

ಕಬಿನಿ ಮತ್ತು ನಾಗರಹೊಳೆ

ನಮ್ಮ ಮನೆಯ ಕಾಡಿನಿಂದಲೇ ಶುರು ಮಾಡೋಣ. ಕಬಿನಿ ಅಂದರೆ ಫೋಟೋಗ್ರಾಫರ್‌ಗಳಿಗೆ ನಾಗರಹೊಳೆಯ ದಕ್ಷಿಣ ಭಾಗ, ಹಿನ್ನೀರಿನ ಅಂಚಿನ ಕಾಡು. ಮತ್ತಿ, ತೇಗ, ಬಿದಿರು ತುಂಬಿದ ಜಾಗ. ಇಲ್ಲಿನ ಬೆಳಕಿಗೆ ನಾನು ಬೇರೆಲ್ಲೂ ಸಾಟಿ ನೋಡಿಲ್ಲ. ಮಣ್ಣಿನ ದಾರಿ, ಎರಡೂ ಕಡೆ ಎತ್ತರದ ಮರ, ಬೆಳಗಿನ ಬೆಳಕು ಓರೆಯಾಗಿ ಬಿದ್ದಾಗ ದೂಳೂ ಹೊಳೆಯುತ್ತದೆ. ಆ ದಾರಿಯಲ್ಲಿ ಒಂದು ಹುಲಿ ನಡೆದು ಬಂದರೆ ಚಿತ್ರಕ್ಕೆ ಇನ್ನೇನೂ ಬೇಕಾಗಿಲ್ಲ.

ಆದರೆ ಬಂದರೆ ಅನ್ನುವುದು ದೊಡ್ಡ ಮಾತು. ಕಬಿನಿಯಲ್ಲಿ ಹುಲಿ ಕಾಣುತ್ತದೆ, ಆದರೆ ತಾಡೋಬಾದಷ್ಟು ಸಲೀಸಾಗಿ ಅಲ್ಲ. ಕಂಡರೂ ಕೆಲವೇ ಸೆಕೆಂಡ್ ಇರಬಹುದು. ದಾರಿ ದಾಟಿ ಪೊದೆಗೆ ಹೋದರೆ ಮುಗಿಯಿತು.

ಸಫಾರಿ ವ್ಯವಸ್ಥೆಯೂ ಉತ್ತರದ ಕಾಡುಗಳಿಗಿಂತ ಬೇರೆ. ಕಾರಾಪುರದ ಕಡೆ ರಾಜ್ಯ ಸರ್ಕಾರದ ಸಂಸ್ಥೆ ಜಂಗಲ್ ಲಾಡ್ಜಸ್‌ನ ವಾಹನಗಳು ಹೋಗುತ್ತವೆ. ಅಕ್ಕಪಕ್ಕದ ಖಾಸಗಿ ರೆಸಾರ್ಟ್‌ಗಳ ಅತಿಥಿಗಳೂ ಅದೇ ವ್ಯವಸ್ಥೆಯಲ್ಲಿ ಹೋಗಬೇಕು. ವಾಹನವನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಯಾವ ವಲಯ ಸಿಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಜೊತೆಯಲ್ಲಿ ಸಣ್ಣ ಮಕ್ಕಳ ಕುಟುಂಬ ಇರಬಹುದು, ಅವರಿಗೆ ಆನೆ ನೋಡುವ ಆಸೆ ಇರಬಹುದು. ಅದು ಅವರ ಹಕ್ಕೂ ಹೌದು. ನೀವು ಒಂದೇ ಕಡೆ ಒಂದು ಗಂಟೆ ಕಾಯೋಣ ಅಂದರೆ ಆಗುವುದಿಲ್ಲ. ಮತ್ತೆ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಬೇರೆ ಇದೆ.

ಖರ್ಚು ವಸತಿಯ ಜೊತೆ ಸೇರಿ ಬರುತ್ತದೆ. ಒಳ್ಳೆ ಕಡೆ ಉಳಿದರೆ ಒಬ್ಬರಿಗೆ ಒಂದು ರಾತ್ರಿಗೆ ಐದಂಕಿಯ ಮೊತ್ತ ಆಗಿಬಿಡಬಹುದು. ಅದರಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಸಫಾರಿ. ಕಡಿಮೆ ದುಡ್ಡಿನ ದಾರಿಯೂ ಇದೆ. ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ ಹೊರಡುತ್ತದೆ, ಕಾಕನಕೋಟೆ ಸಫಾರಿ ಅಂತ ಕರೆಯುತ್ತಾರೆ. ಅದು ಬಸ್ಸು. ಫೋಟೋಗೆ ಅನುಕೂಲ ಕಡಿಮೆ, ಆದರೆ ಕಾಡು ಅದೇ, ಹುಲಿಯೂ ಅದೇ. ಹೋಗುವುದಾದರೆ ಕಿಟಕಿ ಪಕ್ಕದ ಸೀಟು ಬಿಡಬೇಡಿ.

ಕಬಿನಿಗೆ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಜನ ಮರೆಯುತ್ತಾರೆ. ಮಧ್ಯ ಭಾರತದ ಕಾಡುಗಳ ಕೋರ್ ವಲಯ, ಅಂದರೆ ಕಾಡಿನ ಒಳಭಾಗ, ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುತ್ತದೆ. ಇಲ್ಲಿ ಮಳೆಗಾಲದಲ್ಲೂ ಸಾಮಾನ್ಯವಾಗಿ ಸಫಾರಿ ಇರುತ್ತದೆ. ಜುಲೈ ತಿಂಗಳ ಆ ತೊಳೆದಿಟ್ಟ ಹಸಿರಿನ ನಡುವೆ ಕೇಸರಿ ಬಣ್ಣದ ಹುಲಿ ನಿಂತರೆ ಕಣ್ಣು ತುಂಬಿ ಬರುತ್ತದೆ. ಮೋಡದ ಮೆತ್ತಗಿನ ಬೆಳಕಲ್ಲಿ ಗಟ್ಟಿ ನೆರಳೂ ಇರುವುದಿಲ್ಲ. ಹುಲಿ ಸಿಗುವುದು ಬೇಸಿಗೆಗಿಂತ ಕಡಿಮೆ, ನಿಜ. ಸಿಕ್ಕರೆ ಅದು ಬೇರೆ ಯಾರ ಬಳಿಯೂ ಇರದ ಚಿತ್ರ.

ಬೇಸಿಗೆಯಲ್ಲಿ ಹೋಗುವುದಾದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯದು. ಮೇ ಹೊತ್ತಿಗೆ ನಮ್ಮ ಕಡೆ ಮುಂಗಾರಿಗೂ ಮುಂಚಿನ ಗುಡುಗು ಮಳೆ ಬಂದುಬಿಡುತ್ತದೆ. ಕಾಡೊಳಗೆ ಅಲ್ಲಲ್ಲಿ ನೀರು ನಿಂತರೆ ಹುಲಿ ಕೆರೆಗೆ ಬರುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಹಿನ್ನೀರು ಇಳಿದು, ಬಯಲಾದ ಜಾಗದಲ್ಲಿ ಹುಲ್ಲು ಚಿಗುರಿ, ಆನೆ ಹಿಂಡುಗಳು ಸೇರುತ್ತವೆ. ಹುಲಿ ಸಿಗದ ದಿನವೂ ಮೆಮೊರಿ ಕಾರ್ಡ್ ಖಾಲಿ ಇರುವುದಿಲ್ಲ. ಚಿರತೆ, ಸೀಳುನಾಯಿ, ಕಾಟಿ, ಅದೃಷ್ಟ ಇದ್ದರೆ ಕರಿ ಚಿರತೆ. ಮನೆಯವರನ್ನೂ ಕರೆದುಕೊಂಡು ಹೋಗುವವರಿಗೆ ನಾನು ಕಬಿನಿಯನ್ನೇ ಹೇಳುವುದು ಇದಕ್ಕೇ.

ಒಂದು ಎಚ್ಚರಿಕೆ. 2025ರ ನವೆಂಬರಿನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ನಿಲ್ಲಿಸಿತ್ತು. ಅಂಥ ಹೊತ್ತಲ್ಲಿ ನಮ್ಮ ಫೋಟೋಗಿಂತ ಆ ಊರಿನವರ ಜೀವ ದೊಡ್ಡದು. ಹಾಗಾಗಿ ಸಫಾರಿ ನಡೆಯುತ್ತಿದೆಯಾ, ಎಷ್ಟು ಟ್ರಿಪ್ ಇದೆ ಅಂತ ಖಚಿತ ಮಾಡಿಕೊಂಡೇ ರಜೆ ಹಾಕಿ.

ಬಂಡೀಪುರ

1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹುಲಿ ಚೆನ್ನಾಗಿವೆ. ತೊಂದರೆ ಇರುವುದು ಲಂಟಾನ ಅನ್ನುವ ಕಳೆ ಪೊದೆಯಿಂದ. ರಸ್ತೆಯ ಎರಡೂ ಕಡೆ ಆಳೆತ್ತರ ಬೆಳೆದ ಲಂಟಾನದ ಹಿಂದೆ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಮುಸುವ ಕೂಗುತ್ತಿರುತ್ತದೆ, ಜಿಂಕೆ ಕಾಲು ಕುಟ್ಟುತ್ತಿರುತ್ತದೆ, ನಮಗೆ ಮಾತ್ರ ಏನೂ ಕಾಣುವುದಿಲ್ಲ. ಕೆರೆಗಳ ಹತ್ತಿರ ಮಾತ್ರ ಜಾಗ ತೆರೆದಿರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಕಾಯಬೇಕು.

ಇಲ್ಲಿ ಅರಣ್ಯ ಇಲಾಖೆಯ ಬಸ್ ಸಫಾರಿ ಕೆಲವು ನೂರು ರೂಪಾಯಿಗೆ ಆಗುತ್ತದೆ. ಈ ಪಟ್ಟಿಯಲ್ಲೇ ಕಡಿಮೆ ಖರ್ಚಿನದು. ಮೈಸೂರಿನಿಂದ 80 ಕಿಲೋಮೀಟರ್ ಅಷ್ಟೆ. ಕಾಡಿನ ಅಭ್ಯಾಸ ಮಾಡಿಕೊಳ್ಳಲು, ಅಲುಗಾಡುವ ವಾಹನದಲ್ಲಿ ಉದ್ದ ಲೆನ್ಸ್ ಹಿಡಿಯುವುದನ್ನು ಕಲಿಯಲು ಬಂಡೀಪುರದಷ್ಟು ಒಳ್ಳೆ ಜಾಗ ಇಲ್ಲ. ಜಿಂಕೆ ಓಡುವುದನ್ನು ಸ್ಪಷ್ಟವಾಗಿ ತೆಗೆಯಲು ಬಂದರೆ ಹುಲಿ ಎದುರಾದಾಗ ಕೈ ನಡುಗುವುದಿಲ್ಲ. ಆದರೆ ಹುಲಿಯೇ ಬೇಕು ಅಂತ ದೂರದಿಂದ ರಜೆ ಹಾಕಿ ಬರುವವರಿಗೆ ನಾನು ಇದನ್ನು ಮೊದಲು ಹೇಳುವುದಿಲ್ಲ.

ಭದ್ರಾ, ಬಿಆರ್‌ಟಿ (ಬಿಳಿಗಿರಿರಂಗನ ಬೆಟ್ಟ), ಕಾಳಿ ಕಾಡುಗಳ ಬಗ್ಗೆಯೂ ಕೇಳುತ್ತಾರೆ. ಮೂರೂ ಸುಂದರ ಕಾಡುಗಳು, ಮೂರೂ ದಟ್ಟ. ಅಲ್ಲಿಗೆ ಕಾಡಿಗಾಗಿ ಹೋಗಿ. ಹುಲಿ ಕಂಡರೆ ಅದು ಆ ದಿನದ ಕೊಡುಗೆ.

ತಾಡೋಬಾ

ಮೊದಲ ಹುಲಿ ಫೋಟೋ ಬೇಕು, ಖಾಲಿ ಕೈಯಲ್ಲಿ ಬರಲು ಇಷ್ಟವಿಲ್ಲ ಅನ್ನುವವರಿಗೆ ನನ್ನ ಉತ್ತರ ತಾಡೋಬಾ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಈ ಕಾಡು ತೇಗ ಮತ್ತು ಬಿದಿರಿನದು. ಮಾರ್ಚ್ ದಾಟಿದರೆ ತೇಗದ ಎಲೆ ಉದುರಿ ಕಾಡು ಬಿಚ್ಚಿಕೊಳ್ಳುತ್ತದೆ, ನೀರು ಕೆಲವೇ ಕಡೆ ಉಳಿಯುತ್ತದೆ. ಏಪ್ರಿಲ್, ಮೇನಲ್ಲಿ ಚಂದ್ರಪುರದ ಬಿಸಿಲು 45 ಡಿಗ್ರಿ ದಾಟುತ್ತದೆ. ಹುಲಿಗೆ ನೀರು ಬಿಟ್ಟರೆ ಗತಿ ಇಲ್ಲ. ಕೆರೆಯ ದಂಡೆಯಲ್ಲಿ ಸುಮ್ನೆ ಕಾದರೆ ಸಾಕು, ಅದೇ ಬರುತ್ತದೆ. ಬಂದು ನೀರಿಗೆ ಬೆನ್ನು ಮಾಡಿ, ಹಿಂದಕ್ಕೆ ಹೆಜ್ಜೆ ಇಟ್ಟು, ಸೊಂಟದವರೆಗೆ ಮುಳುಗಿ ಕೂರುತ್ತದೆ. ಅರ್ಧ ಗಂಟೆ ಕೂತರೂ ಕೂತಿತು. ಕಬಿನಿಯ ಕೆಲವು ಸೆಕೆಂಡ್ ಎಲ್ಲಿ, ಈ ಅರ್ಧ ಗಂಟೆ ಎಲ್ಲಿ! ಹೊಸಬರಿಗೆ ತಪ್ಪು ಮಾಡಿ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ವಾಹನ ಜಿಪ್ಸಿ. ಆರು ಜನ ಪ್ರವಾಸಿಗರು, ಒಬ್ಬ ಗೈಡ್, ಒಬ್ಬ ಡ್ರೈವರ್. ಗೆಳೆಯರು ಸೇರಿ ಇಡೀ ಜಿಪ್ಸಿ ತೆಗೆದುಕೊಂಡರೆ ಎಲ್ಲಿ ಕಾಯಬೇಕು, ಎಷ್ಟು ಹೊತ್ತು ಅನ್ನುವುದು ನಿಮ್ಮ ತೀರ್ಮಾನ. ಆರು ಜನ ಹಂಚಿಕೊಂಡರೆ ಒಬ್ಬರ ಪಾಲು ಒಂದು ಸಫಾರಿಗೆ ಸುಮಾರು ಒಂದೆರಡು ಸಾವಿರ ರೂಪಾಯಿ. ಆದರೆ ಆರು ಜನ ದೊಡ್ಡ ಲೆನ್ಸ್ ಹಿಡಿದು ಕೂತರೆ ಕೈ ಅಲುಗಾಡಿಸಲೂ ಜಾಗ ಇರುವುದಿಲ್ಲ. ಮೂರು ಜನ ಫೋಟೋಗ್ರಾಫರ್‌ಗಳಿಗೆ ಒಂದು ಜಿಪ್ಸಿ ಸರಿ. ಖರ್ಚು ಎರಡು ಪಟ್ಟಾದರೂ ಚಿತ್ರದಲ್ಲಿ ಅದರ ಫಲ ಕಾಣುತ್ತದೆ.

ಕೋರ್ ಮತ್ತು ಬಫರ್ ಗೊಂದಲ ಇಲ್ಲಿ ಎಲ್ಲರಿಗೂ ಬರುತ್ತದೆ. ಮೊಹರ್ಲಿ, ಕೋಲಾರಾ, ನವೇಗಾಂವ್ ಇವು ಕೋರ್ ಗೇಟುಗಳು. ಅಗರ್‌ಝರಿ, ಜುನೋನಾ, ಮದನಾಪುರ, ಅಲಿಝಂಝಾ ಬಫರ್, ಅಂದರೆ ಕೋರ್ ಸುತ್ತಲಿನ ಹೊರಭಾಗ. ಬಫರ್ ಅಂದರೆ ಎರಡನೇ ದರ್ಜೆ ಅಂತ ಅಂದುಕೊಳ್ಳಬೇಡಿ. ಟಿಕೆಟ್ ಸುಲಭ, ಖರ್ಚು ಕಡಿಮೆ, ಹುಲಿಗಳೂ ಚೆನ್ನಾಗಿ ಕಾಣುತ್ತವೆ. ನಾನು ಹೇಳುವುದು ಆರು ಸಫಾರಿಗಳಲ್ಲಿ ಮೂರು ಕೋರ್, ಮೂರು ಬಫರ್. ಹೋಗುವ ವಾರ ಅಲ್ಲಿ ಯಾವ ತಾಯಿ ಮರಿಗಳ ಜೊತೆ ಓಡಾಡುತ್ತಿದೆ ಅಂತ ಕೇಳಿ ಸಾಧ್ಯವಾದರೆ ಕೊನೆಯ ಎರಡನ್ನು ಬದಲಾಯಿಸಿಕೊಳ್ಳಿ. ಮಂಗಳವಾರ ತಾಡೋಬಾಗೆ ರಜೆ. ಇದನ್ನು ನೋಡದೆ ಟಿಕೆಟ್ ಮಾಡಿ ಒಂದಿಡೀ ದಿನ ರೂಮಲ್ಲಿ ಕೂತವರು ಇದ್ದಾರೆ.

ಕೊರತೆ ಏನೆಂದರೆ ನೋಟ. ಬೇಸಿಗೆಯ ತಾಡೋಬಾ ಕಂದು ಬಣ್ಣದ ಕಾಡು. ಹುಲಿಯೂ ಕಂದು, ಹುಲ್ಲೂ ಕಂದು. ಬೆಳಗ್ಗೆ ಎಂಟರ ಮೇಲೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ನೆಲದಿಂದ ಏಳುವ ಬಿಸಿಗಾಳಿಗೆ ನೂರು ಮೀಟರ್ ದೂರದ ಹುಲಿ ಎಷ್ಟು ಒಳ್ಳೆ ಲೆನ್ಸಿನಲ್ಲೂ ಮಸುಕಾಗಿ ಬರುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದು ಗಾಳಿಯ ಆಟ. ಒಂದು ಹುಲಿ ಕಂಡರೆ ಹತ್ತಾರು ಜಿಪ್ಸಿ ಸೇರುತ್ತವೆ, ಅದನ್ನೂ ಹೇಳಲೇಬೇಕು. ಗುಂಪು ಇಷ್ಟವಿಲ್ಲದಿದ್ದರೆ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ. ಹುಲಿ ಸಿಗುವುದು ಸ್ವಲ್ಪ ಕಡಿಮೆ, ಕಾಡು ಮಾತ್ರ ನೋಡಲು ನೂರು ಪಟ್ಟು ಚೆಂದ.

ನಾಗಪುರಕ್ಕೆ ವಿಮಾನ, ಅಲ್ಲಿಂದ ಕಾರು. ರೈಲಾದರೆ ಬಲ್ಹಾರ್ಶಾ ಅಥವಾ ಚಂದ್ರಪುರದಲ್ಲಿ ಇಳಿಯಬಹುದು. ನಮ್ಮಿಂದ ಮಧ್ಯ ಭಾರತದ ಕಾಡುಗಳಿಗೆ ಹೋಗಲು ಇದೇ ಹತ್ತಿರ.

ಬಾಂಧವಗಢ ಮತ್ತು ಕಾನ್ಹಾ

ಎರಡೂ ಮಧ್ಯಪ್ರದೇಶದಲ್ಲಿವೆ, ಎರಡರಲ್ಲೂ ಸಾಲ್ ಮರಗಳು. ಆದರೆ ಸ್ವಭಾವ ಬೇರೆ.

ಬಾಂಧವಗಢ ಹುಲಿ ಕಾಣುವ ವಿಷಯದಲ್ಲಿ ತಾಡೋಬಾಗೆ ಸರಿಸಮ. ತಾಲಾ, ಮಗಧಿ, ಖಿತೌಲಿ ಅಂತ ಮೂರು ಮುಖ್ಯ ವಲಯಗಳು. ಬೆಟ್ಟದ ಮೇಲೆ ಕೋಟೆ, ಕೆಳಗೆ ಹುಲ್ಲುಗಾವಲು, ನಡುವೆ ಸಾಲ್ ಕಾಡು. ಸಾಲ್ ಮರ ಬೇಸಿಗೆಯಲ್ಲೂ ಪೂರ್ತಿ ಬೋಳಾಗುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲೂ ಹಿನ್ನೆಲೆಯಲ್ಲಿ ಹಸಿರು ಸಿಗುತ್ತದೆ, ತಾಡೋಬಾದಲ್ಲಿ ಸಿಗದ ಬಣ್ಣ ಅದು. ತಲುಪುವುದು ಮಾತ್ರ ಕಷ್ಟ. ಜಬಲ್ಪುರಕ್ಕೆ ಹೋಗಿ ಅಲ್ಲಿಂದ ನಾಲ್ಕೈದು ಗಂಟೆ ರಸ್ತೆ, ಇಲ್ಲವೇ ಉಮರಿಯಾ ರೈಲು ನಿಲ್ದಾಣ. ಹೋಗಿ ಬರಲು ಎರಡು ದಿನ ಬೇಕೇ ಬೇಕು. ಐದು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಬೇಡ.

ಕಾನ್ಹಾ ಬೇರೆಯದೇ ಲೋಕ. ಚಳಿಗಾಲದ ಬೆಳಗ್ಗೆ ಹುಲ್ಲುಗಾವಲಿನ ಮೇಲೆ ಮಂಜು ಮಲಗಿರುತ್ತದೆ. ಅದರೊಳಗಿಂದ ಬಾರಾಸಿಂಗಾ ಅನ್ನುವ ದೊಡ್ಡ ಜಿಂಕೆಯ ಗಂಡುಗಳ ಕೊಂಬು ಮೇಲೇಳುತ್ತವೆ. 1970ರಲ್ಲಿ ಈ ಜಾತಿಯ ಪ್ರಾಣಿಗಳು ಇಲ್ಲಿ 66ಕ್ಕೆ ಇಳಿದಿದ್ದವು. ಇವತ್ತು ಹಿಂಡು ಹಿಂಡಾಗಿ ಕಾಣುತ್ತವೆ ಅಂದರೆ ಕಾಡು ಕಾಯುವವರಿಗೆ ಕೈ ಮುಗಿಯಬೇಕು. ಈ ಬಯಲಿನಲ್ಲಿ ಹುಲಿ ನಡೆದು ಹೋದರೆ, ಅದರ ಸುತ್ತಲ ಇಡೀ ನಾಡನ್ನು ಚಿತ್ರದೊಳಗೆ ತರಬಹುದು. ಹುಲಿ ಸಣ್ಣದಾಗಿ, ಕಾಡು ದೊಡ್ಡದಾಗಿ. ನನಗೆ ಈಗೀಗ ಇಂಥ ಚಿತ್ರಗಳೇ ಹೆಚ್ಚು ಇಷ್ಟವಾಗುತ್ತಿವೆ. ಆದರೆ ಕೋರ್ ಭಾಗವೇ 940 ಚದರ ಕಿಲೋಮೀಟರ್. ಹುಲಿಗೆ ಮರೆಯಾಗಲು ಬೇಕಾದಷ್ಟು ಜಾಗ. ಮುಖ ತುಂಬಿದ ಹುಲಿ ಚಿತ್ರ ಬೇಕು ಅನ್ನುವವರಿಗೆ ಕಾನ್ಹಾ ಮೊದಲ ಆಯ್ಕೆ ಆಗಬಾರದು. ಹುಲಿ ಫೋಟೋ ಆಗಲೇ ಇದೆ, ಈಗ ಚಿತ್ರ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡು ಕಡೆಯೂ ಬುಧವಾರ ಮಧ್ಯಾಹ್ನ ಸಫಾರಿ ಇಲ್ಲ. ಖರ್ಚು ತಾಡೋಬಾದ ಆಸುಪಾಸಿನಲ್ಲೇ. ಸಾಲ್ ಕಾಡಿನ ನೆರಳು ಮಾತ್ರ ಕ್ಯಾಮೆರಾವನ್ನು ಪರೀಕ್ಷೆ ಮಾಡುತ್ತದೆ. ಬೆಳಗ್ಗೆ ಆರೂವರೆಗೆ ಮರದಡಿ ಕಡಿಮೆ ಬೆಳಕು ಒಳಬಿಡುವ ಎಫ್ 6.3 ಲೆನ್ಸಿನಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 6400 ಮುಟ್ಟುವುದು ಸಾಮಾನ್ಯ. ಹಳೇ ಕ್ಯಾಮೆರಾ ಇದ್ದರೆ ಇದನ್ನು ಯೋಚಿಸಿ.

ನಾಗಪುರದ ಪಕ್ಕದ ಪೆಂಚ್ ಬಗ್ಗೆ ಎರಡು ಮಾತು. ತಲುಪುವುದು ಸುಲಭ, ಗುಂಪು ಕಡಿಮೆ, ಕಾಡು ತೆರೆದದ್ದು. ತಾಡೋಬಾ ಟಿಕೆಟ್ ಸಿಗದಿದ್ದಾಗ ಅದನ್ನು ಆರಿಸಿ.

ರಣಥಂಬೋರ್

ರಾಜಸ್ಥಾನದ ಒಣ ಕಾಡು. ಕೋಟೆ, ಕೆರೆ, ಹಳೇ ಬೇಟೆಮನೆ, ಪಾಳುಬಿದ್ದ ಮಂಟಪಗಳು, ಅವುಗಳ ನಡುವೆ ಹುಲಿ. ಹುಲಿಯನ್ನು ಮನುಷ್ಯ ಕಟ್ಟಿದ ಕಲ್ಲಿನ ಜೊತೆ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಇದಕ್ಕೆ ಸಮನಾದ ಜಾಗ ಇಲ್ಲ. 2016ರಲ್ಲಿ ತೀರಿಕೊಂಡ ಮಛಲಿ ಅನ್ನುವ ಹೆಣ್ಣು ಹುಲಿ ಇಲ್ಲಿನದೇ. ಲೋಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಹುಲಿ ಅಂತ ಅದಕ್ಕೆ ಹೆಸರಿತ್ತು.

ಇಲ್ಲಿ ವಲಯವೇ ಎಲ್ಲ. ಒಟ್ಟು 10 ವಲಯಗಳಿವೆ. ಕೆರೆಗಳಿರುವ 3 ಮತ್ತು 4ನೇ ವಲಯಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅದು ಸಿಗದಿದ್ದರೆ ನೀವು ಕನಸು ಕಂಡ ಆ ಮಂಟಪದ ಚಿತ್ರ ಮರೆತುಬಿಡಿ. ವಾಹನದಲ್ಲಿ ಎರಡು ಬಗೆ: ಆರು ಜನರ ಜಿಪ್ಸಿ, ತೆರೆದ ಲಾರಿಯಂಥ 20 ಜನರ ಕ್ಯಾಂಟರ್. ಕ್ಯಾಂಟರ್ ಅಗ್ಗ. ಫೋಟೋಗೆ ಬೇಡ. ಜಿಪ್ಸಿಯಲ್ಲಿ 3ನೇ ವಲಯ ಸಿಗುವುದಾದರೆ ಮಾತ್ರ ಇಷ್ಟು ದೂರ ಹೋಗಿ. ಸವಾಯಿ ಮಾಧೋಪುರ ನಿಲ್ದಾಣ ಕಾಡಿಗೆ ತೀರಾ ಹತ್ತಿರ, ದೆಹಲಿ, ಜೈಪುರಕ್ಕೆ ಬೇರೆ ಕೆಲಸಕ್ಕೆ ಹೋಗುವವರಿಗೆ ಅನುಕೂಲ.

ಕಾರ್ಬೆಟ್

ಹುಲಿ ಅತಿ ಹೆಚ್ಚು ಇರುವ ಈ ಕಾಡಿನಲ್ಲಿ ಹುಲಿ ಸಿಗುವುದು ಸುಲಭವಲ್ಲ. ಇಲ್ಲಿನ ಹೆಸರಾದ ವಲಯ ಧಿಕಾಲಾದಲ್ಲಿ ಹುಲ್ಲು ಆಳೆತ್ತರ. ಆದರೆ ರಾಮಗಂಗಾ ನದಿಯ ಉರುಟು ಕಲ್ಲುಗಳ ದಂಡೆಯಲ್ಲಿ, ಹಿಂದೆ ಹಿಮಾಲಯದ ತಪ್ಪಲು ನಿಂತಿರುವಾಗ ಹುಲಿ ನದಿ ದಾಟುವುದು ಕಂಡರೆ ಜನ್ಮಕ್ಕೊಂದು ಚಿತ್ರ. ಧಿಕಾಲಾ ನವೆಂಬರ್ 15ರಿಂದ ಜೂನ್ 15ರವರೆಗೆ ತೆರೆದಿರುತ್ತದೆ. ಒಳಗಿನ ಅರಣ್ಯ ವಸತಿಗೃಹದಲ್ಲಿ ರಾತ್ರಿ ಉಳಿದರೆ ಮಾತ್ರ ಅಲ್ಲಿ ಜಿಪ್ಸಿ ಸಿಗುತ್ತದೆ. ಒಂದು ದಿನಕ್ಕೆ ಬಂದು ಹೋಗುವವರಿಗೆ ಕ್ಯಾಂಟರ್ ಮಾತ್ರ. ತಾಳ್ಮೆ ಇದ್ದವರ ಕಾಡು ಇದು. ಮೊದಲ ಪ್ರವಾಸಕ್ಕೆ ಹೇಳಲಾರೆ.

ನಿಮ್ಮ ಬಳಿ ಇರುವ ಲೆನ್ಸ್ ಯಾವುದು

ಇದನ್ನು ಕೊನೆಗೆ ಕೇಳುತ್ತಾರೆ, ಮೊದಲೇ ಕೇಳಬೇಕು. 70-300 ಮಿಲಿಮೀಟರ್ ಜೂಮ್ ಮಾತ್ರ ಇದ್ದರೆ ತಾಡೋಬಾ ಅಥವಾ ಬಾಂಧವಗಢ ಸರಿ, ಅಲ್ಲಿ ಹುಲಿ ದಾರಿಗೇ ಬರುತ್ತದೆ. 150-600 ಅಥವಾ 200-600 ಇದ್ದರೆ ಎಲ್ಲಿಗೆ ಬೇಕಾದರೂ ಹೋಗಿ. ಮುಂಜಾನೆಯ ಸಾಲ್ ಕಾಡಲ್ಲಿ ಮಾತ್ರ ಒದ್ದಾಡುತ್ತೀರಿ. 100-400 ನನ್ನ ಮೆಚ್ಚಿನದು. ಯಾಕೆಂದರೆ ಹುಲಿ ಎದುರಿಗೆ ನಡೆದು ಬರತೊಡಗಿದರೆ 200ರಲ್ಲೇ ಚೌಕಟ್ಟು ತುಂಬಿಬಿಡುತ್ತದೆ. ಬರೀ 600ರ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಹಿಡಿದು ಕೂತವರಿಗೆ ಆಗ ಹುಲಿಯ ಮೂಗು ಮಾತ್ರ ಸಿಗುತ್ತದೆ. ಹೊಸ ಲೆನ್ಸ್ ಕೊಳ್ಳುವ ದುಡ್ಡಲ್ಲಿ ಇನ್ನೂ ಹಲವು ಸಫಾರಿ ಆಗುತ್ತದೆ. ಲೆನ್ಸ್ ಬಾಡಿಗೆಗೆ ತಗೊಳ್ಳಿ, ಉಳಿದದ್ದನ್ನು ಸಫಾರಿಗೆ ಹಾಕಿ.

ಟ್ರೈಪಾಡ್ ಜಿಪ್ಸಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಲೆನ್ಸ್ ಊರಲು ಖಾಲಿ ಬೀನ್ ಬ್ಯಾಗ್ (ಬಟ್ಟೆಯ ಚೀಲ) ಒಯ್ದು ಅಲ್ಲೇ ಅಕ್ಕಿಯೋ ಕಾಳೋ ತುಂಬಿಸಿಕೊಳ್ಳಿ. ಹುಲಿ ನಡೆಯುತ್ತಿದ್ದರೆ ಶಟರ್ ವೇಗವನ್ನು ಸೆಕೆಂಡಿನ 1/800ಕ್ಕಿಂತ ಕೆಳಗೆ ಇಳಿಸಬೇಡಿ, ಓಡಿದರೆ 1/1600. ಡ್ರೈವರಿಗೆ ಇಂಜಿನ್ ಆಫ್ ಮಾಡಲು ಹೇಳಿ. ಇಂಜಿನ್ನಿನ ನಡುಕ ನಿಮಗೆ ಗೊತ್ತಾಗುವುದಿಲ್ಲ, ಚಿತ್ರದಲ್ಲಿ ಗೊತ್ತಾಗುತ್ತದೆ. ಹುಲಿ ಅಡ್ಡ ನಿಂತಾಗ ಪಕ್ಕೆಯ ಒಂದು ಪೂರ್ತಿ ಚಿತ್ರ ತೆಗೆಯಿರಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಅದರದೇ ಎಡಕ್ಕೂ ಬಲಕ್ಕೂ ಬೇರೆ. 90ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು ಹುಲಿ ಎಣಿಸಿದ್ದು ಈ ಪಟ್ಟೆಗಳನ್ನು ನೋಡಿಯೇ. ನಿಮ್ಮ ಫೋಟೋದಿಂದಲೂ ಅದು ಯಾವ ಹುಲಿ ಅಂತ ಹೇಳಬಹುದು.

ಯಾವ ಕಾಡಿಗೆ ಹೋದರೂ ಹುಲಿಯಿಂದ ಕನಿಷ್ಠ 20 ಮೀಟರ್ ದೂರ ಇರಬೇಕು ಅನ್ನುವುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ. ಇನ್ನೂ ಹತ್ತಿರ ಹೋಗು, ಹುಲಿಗೆ ಅಡ್ಡ ನಿಲ್ಲಿಸು ಅಂತ ಡ್ರೈವರನ್ನು ಒತ್ತಾಯ ಮಾಡಬೇಡಿ. ಸಿಕ್ಕಿಬಿದ್ದರೆ ಹೋಗುವುದು ಅವನ ಕೆಲಸ. ದಾರಿ ಬಿಟ್ಟರೆ ಹುಲಿ ತಾನಾಗೇ ನಡೆದು ಬರುತ್ತದೆ. ಬೆದರಿದ ಹುಲಿಯ ಕಿವಿ ಹಿಂದಕ್ಕೆ ಮಡಚಿರುತ್ತದೆ, ಅದು ಚಿತ್ರದಲ್ಲೂ ಕಾಣುತ್ತದೆ.

ಹಾಗಾದರೆ ಯಾರು ಎಲ್ಲಿಗೆ

ಎರಡು ದಿನ ರಜೆ, ಕಡಿಮೆ ದುಡ್ಡು: ದಮ್ಮನಕಟ್ಟೆ ಅಥವಾ ಬಂಡೀಪುರ. ಹುಲಿಯ ಆಸೆ ಇಟ್ಟುಕೊಳ್ಳಿ, ಲೆಕ್ಕ ಇಟ್ಟುಕೊಳ್ಳಬೇಡಿ. ಮನೆಯವರ ಜೊತೆ, ಸ್ವಲ್ಪ ಖರ್ಚು ಮಾಡಬಲ್ಲಿರಿ ಅಂದರೆ ಕಬಿನಿ, ಎರಡು ರಾತ್ರಿ, ಮಾರ್ಚ್‌ನಲ್ಲಿ. ನಾಲ್ಕು ದಿನ, ಮೂರು ಜನ ಗೆಳೆಯರು, ಮೊದಲ ಹುಲಿ ಅಂದರೆ ಏಪ್ರಿಲ್‌ನ ತಾಡೋಬಾ, ಆರು ಸಫಾರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಿಸಿಲು ತಡೆಯದವರು, ವಯಸ್ಸಾದವರು ಅದೇ ತಾಡೋಬಾಗೆ ಫೆಬ್ರವರಿಯಲ್ಲಿ ಹೋಗಲಿ. ಒಂದು ವಾರ ಇದ್ದು ಹಸಿರು ಹಿನ್ನೆಲೆಯೂ ಬೇಕಾದರೆ ಬಾಂಧವಗಢ. ಹುಲಿಯ ಮುಖ ಬೇಕಾದಷ್ಟು ತೆಗೆದಾಗಿದೆ ಅನ್ನುವವರು ಡಿಸೆಂಬರಿನ ಕಾನ್ಹಾಗೋ ಜುಲೈನ ಕಬಿನಿಗೋ ಹೋಗಬೇಕು.

ಒಂದೇ ದುಡ್ಡಲ್ಲಿ ಕಬಿನಿಯ ಎರಡು ರಾತ್ರಿಯಾ, ತಾಡೋಬಾದ ಮೂರು ದಿನವಾ ಅನ್ನುವ ಪ್ರಶ್ನೆ ಬಂದರೆ ನಿಮ್ಮ ಮನಸ್ಸನ್ನು ಹೀಗೆ ಕೇಳಿಕೊಳ್ಳಿ. ಹುಲಿ ಸಿಗದೆ ವಾಪಸ್ ಬಂದರೂ ಆ ಕಾಡಲ್ಲಿ ಕಳೆದ ಹೊತ್ತು ಸಾಕು ಅನಿಸುತ್ತದೆಯಾ? ಹೌದಾದರೆ ಕಬಿನಿ. ಬೇಜಾರಾಗುತ್ತದೆ ಅಂದರೆ ತಾಡೋಬಾ.

ಆರಿಸಿದ ಮೇಲೆ ತಡ ಮಾಡಬೇಡಿ. ಬೇಸಿಗೆಯ ಒಳ್ಳೆ ಗೇಟುಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬುತ್ತವೆ. ಮೊದಲು ಸಫಾರಿ ಟಿಕೆಟ್, ಆಮೇಲೆ ವಿಮಾನ, ಕೊನೆಗೆ ರೂಮು, ಈ ಕ್ರಮದಲ್ಲಿ ಬುಕ್ ಮಾಡಿ. ರೂಮು ಆ ಗೇಟಿಗೆ ಹತ್ತಿರ ಇರಲಿ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಸುತ್ತಿಕೊಂಡು ಹೋಗಲು ಎರಡು ಗಂಟೆ ಹಿಡಿಯುವ ಕಾಡುಗಳಿವೆ. ಟಿಕೆಟ್‌ನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಗೇಟಿನಲ್ಲಿ ಕೇಳುತ್ತಾರೆ, ಅದರ ಮೂಲ ಪ್ರತಿ ಜೇಬಲ್ಲಿರಲಿ. ಹಲವು ಕಡೆ ಮೊಬೈಲ್ ಒಳಗೆ ಬಿಡುವುದಿಲ್ಲ, ಹಾಗಾಗಿ ಕೈಗೆ ಒಂದು ಗಡಿಯಾರ ಕಟ್ಟಿಕೊಳ್ಳಿ. ಬೆಳಗ್ಗೆ ಗೇಟು ತೆರೆಯುವ ಅರ್ಧ ಗಂಟೆ ಮುಂಚೆ ಸಾಲಿನಲ್ಲಿ ನಿಂತಿರಿ. ರಾತ್ರಿಯ ಹೆಜ್ಜೆ ಗುರುತು ಚಕ್ರದಡಿ ಅಳಿಸಿಹೋಗುವ ಮುಂಚೆ ಅದನ್ನು ನೋಡುವುದು ಮೊದಲ ಎರಡು ಜಿಪ್ಸಿಗಳು ಮಾತ್ರ.